ಮಸುಕು ಧೂಳಿನ ಮೋಡಗಳ ಫೋಟೊ: ಆಕಾಶ, ಲೆನ್ಸ್, ಸಾಫ್ಟ್‌ವೇರ್ ಆರಿಸಿಕೊಳ್ಳುವುದು ಹೇಗೆ?

ಓರಾಯನ್ ನೀಹಾರಿಕೆಯ ಫೋಟೊ ತೆಗೆದು ಖುಷಿಪಟ್ಟವರಿಗೆ ಒಂದಲ್ಲ ಒಂದು ದಿನ ನಕ್ಷತ್ರಗಳ ನಡುವಿನ ಧೂಳಿನ ಹುಚ್ಚು ಹತ್ತುತ್ತದೆ. ಜ್ಯೇಷ್ಠಾ ನಕ್ಷತ್ರದ ಸುತ್ತ ಹಳದಿ, ನೀಲಿ, ಕಂದು ಬಣ್ಣದ ಮೋಡ. ಕೃತ್ತಿಕೆಯ ಸುತ್ತ ತೆಳ್ಳಗೆ ಹಬ್ಬಿದ ಕಂದು ಪರದೆ. ಎಂ81 ಗ್ಯಾಲಕ್ಸಿಯ ಮುಂದೆ ತೇಲುವ ಬೂದು ಎಳೆಗಳು. ಇಂಥ ಫೋಟೊ ನೋಡಿದ ಮೇಲೆ ಪ್ರಶ್ನೆಗಳು ಶುರು. ಹೊಸ ಕ್ಯಾಮೆರಾ ಬೇಕಾ? ಫಿಲ್ಟರ್ ಹಾಕಿದರೆ ಬೆಂಗಳೂರಿನ ಟೆರೇಸಿನಿಂದಲೇ ಸಿಗುತ್ತದಾ? ಹೋದ ವರ್ಷ ತೆಗೆದ ಫೈಲುಗಳನ್ನೇ ಮತ್ತೆ ಪ್ರೊಸೆಸ್ ಮಾಡಿದರೆ ಸಾಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಧೂಳಿನ ವಿಷಯದಲ್ಲಿ ಮೊದಲ ದುಡ್ಡು ಕತ್ತಲೆ ಇರುವ ಜಾಗಕ್ಕೆ ಹೋಗುವ ಡೀಸೆಲ್‌ಗೆ. ಎರಡನೆಯದು ಜಾಸ್ತಿ ಬೆಳಕು ಹಿಡಿಯುವ ಲೆನ್ಸಿಗೆ. ಕ್ಯಾಮೆರಾ ಮೂರನೆಯದು. ಮನೆಗೆ ಬಂದ ಮೇಲೆ ಪ್ರೊಸೆಸಿಂಗ್‌ನಲ್ಲಿ ಗ್ರೇಡಿಯೆಂಟ್ (ಚೌಕಟ್ಟಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏರಿಳಿಯುವ ಊರಿನ ಬೆಳಕು) ತೆಗೆಯುವ ಹೆಜ್ಜೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಫಿಲ್ಟರ್ ಯಾಕೆ ಕೈಕೊಡುತ್ತದೆ

ಓರಾಯನ್ ನೀಹಾರಿಕೆಯಂಥವು ತಾವೇ ಹೊಳೆಯುವ ಅನಿಲ. ಅವು ಕೆಲವೇ ಕೆಲವು ನಿರ್ದಿಷ್ಟ ಬಣ್ಣಗಳಲ್ಲಿ ಹೊಳೆಯುತ್ತವೆ. ಆ ಬಣ್ಣಗಳನ್ನು ಮಾತ್ರ ಒಳಗೆ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೆ ಊರಿನ ಬೆಳಕು ಹೊರಗೇ ಉಳಿಯುತ್ತದೆ. ಧೂಳಿನ ಕಥೆ ಬೇರೆ. ಮಣ್ಣು ರಸ್ತೆಯಲ್ಲಿ ಬಸ್ಸಿನ ಹಿಂದೆ ಎದ್ದ ಧೂಳು ಹಿಂದಿನ ಗಾಡಿಯ ಹೆಡ್‌ಲೈಟಿಗೆ ಹೊಳೆಯುತ್ತದಲ್ಲ, ಹಾಗೆ ಇದು ಪಕ್ಕದ ನಕ್ಷತ್ರದ ಬೆಳಕನ್ನು ಚದುರಿಸುತ್ತದೆ, ಅಷ್ಟೇ. ಕಣಗಳು ಸಿಲಿಕೇಟ್ ಮತ್ತು ಇಂಗಾಲದವು. ಹೆಚ್ಚಿನವು ಒಂದು ಮೈಕ್ರಾನಿಗಿಂತ ಚಿಕ್ಕವು.

1912ರಲ್ಲಿ ಅಮೆರಿಕದ ಅರಿಝೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಇದನ್ನು ಕಂಡುಕೊಂಡರು. ಕೃತ್ತಿಕೆಯ ಮೆರೋಪೆ ನಕ್ಷತ್ರದ ಸುತ್ತಲಿನ ನೀಹಾರಿಕೆಯ ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ತೆಗೆದು ನೋಡಿದರೆ, ಅದು ನಕ್ಷತ್ರದ ರೋಹಿತದ ಹಾಗೆಯೇ ಇತ್ತು. ಅಂದರೆ ಅಲ್ಲಿ ಹೊಳೆಯುತ್ತಿರುವುದು ಎರವಲು ಬೆಳಕು. ಆ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ನಮ್ಮ ಬೀದಿಯ ಎಲ್‌ಇಡಿ ದೀಪದಲ್ಲೂ ಎಲ್ಲ ಬಣ್ಣಗಳಿವೆ. ಒಂದನ್ನು ತಡೆದು ಇನ್ನೊಂದನ್ನು ಬಿಡುವ ಫಿಲ್ಟರ್ ಮಾಡುವುದು ಹೇಗೆ?

ಹಾಗಾಗಿ ಎರಡೇ ಬಣ್ಣ ಒಳಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಧೂಳಿಗೆ ಬೇಡವೇ ಬೇಡ. ಊರಿನ ಬೆಳಕು ತಡೆಯುತ್ತದೆ ಅಂತ ಮಾರುವ ಬ್ರಾಡ್‌ಬ್ಯಾಂಡ್ ಫಿಲ್ಟರ್‌ಗಳು ಸೋಡಿಯಂ ದೀಪದ ಕಾಲದಲ್ಲಿ ಸ್ವಲ್ಪ ಕೆಲಸ ಮಾಡುತ್ತಿದ್ದವು. ಈಗ ಅವುಗಳಿಂದ ಲಾಭ ಕಡಿಮೆ, ಬಣ್ಣ ಕೆಡುವುದು ಜಾಸ್ತಿ.

ಟೆರೇಸ್, ಹಳ್ಳಿ, ಹಾನ್ಲೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಆಕಾಶದ ಹೊಳಪನ್ನು ಪ್ರತಿ ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಭಾಗ) ಇಷ್ಟು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಅಂತ ಅಳೆಯುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ಕತ್ತಲೆ ಜಾಸ್ತಿ. ದೊಡ್ಡ ಊರಿನ ಒಳಗೆ ಇದು 18ರ ಆಸುಪಾಸು ಇರುತ್ತದೆ. ಊರುಗಳಿಂದ ದೂರದ ಒಳ್ಳೆಯ ಹಳ್ಳಿಯಲ್ಲಿ 21. ಭೂಮಿಯ ಮೇಲೆ ಸಿಗುವ ಅತಿ ಕತ್ತಲೆಯ ಜಾಗಗಳಲ್ಲಿ 22ಕ್ಕೆ ಹತ್ತಿರ. ಒಂದು ಮ್ಯಾಗ್ನಿಟ್ಯೂಡ್ ಅಂದರೆ ಸುಮಾರು ಎರಡೂವರೆ ಪಟ್ಟು. ಹಾಗಾದರೆ ಊರಿನ ಆಕಾಶ ಹಳ್ಳಿಯದಕ್ಕಿಂತ ಸುಮಾರು 16 ಪಟ್ಟು ಪ್ರಕಾಶಮಾನ. ಅತಿ ಕತ್ತಲೆಯ ಜಾಗಕ್ಕಿಂತ ಸುಮಾರು 40 ಪಟ್ಟು.

ಮಸುಕಾದ ವಸ್ತುಗಳ ಫೋಟೊದಲ್ಲಿ ನಾಯ್ಸ್ (ಚುಕ್ಕೆ ಚುಕ್ಕೆಯ ಒರಟು) ಬರುವುದು ಹೆಚ್ಚಾಗಿ ಆಕಾಶದ ಬೆಳಕಿನಿಂದಲೇ. ಆದ್ದರಿಂದ ಅದೇ ಗುಣಮಟ್ಟ ಬೇಕು ಅಂದರೆ ಬೇಕಾಗುವ ಸಮಯವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹಳ್ಳಿಯಲ್ಲಿ ನಾಲ್ಕು ಗಂಟೆಗೆ ಸಿಗುವುದಕ್ಕೆ ಟೆರೇಸಿನ ಮೇಲೆ 64 ಗಂಟೆ ಕೂರಬೇಕು. ಕೂತರೂ ಗ್ರೇಡಿಯೆಂಟ್ ಅಷ್ಟು ಜೋರಾಗಿರುತ್ತದೆ ಅಂದರೆ, ಧೂಳು ಯಾವುದು, ಪಕ್ಕದ ಬಡಾವಣೆಯ ದೀಪ ಯಾವುದು ಅಂತ ಬಿಡಿಸುವುದು ಕಷ್ಟ. ಟೆರೇಸಿನಿಂದ ಕೃತ್ತಿಕೆಯ ನೀಲಿ ಹೊಳಪು ಸಿಗುತ್ತದೆ, ಅದು ಹತ್ತಿರದ ದೊಡ್ಡ ನಕ್ಷತ್ರಗಳ ಪಕ್ಕದಲ್ಲಿರುವ ಧೂಳು. ಅದರಾಚೆಗಿನ ಕಂದು ಪರದೆಗೆ ಟೆರೇಸ್ ಸರಿಯಾದ ಆಯ್ಕೆ ಅಲ್ಲ.

ಹಾನ್ಲೆ ಎಲ್ಲ ಧೂಳುಪ್ರಿಯರ ಕನಸು. ಲಡಾಖ್‌ನ ಚಾಂಗ್‌ತಾಂಗ್‌ನಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಸುತ್ತಲಿನ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕಗ್ಗತ್ತಲ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಆಕಾಶ ಅದ್ಭುತ. ಆದರೆ ಎತ್ತರಕ್ಕೆ ಮೈ ಹೊಂದಿಕೊಳ್ಳಲು ದಿನಗಳು ಬೇಕು, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸಾಮಾನು ಹೊತ್ತು ಹೋಗುವುದೇ ಒಂದು ಕೆಲಸ. ಮೊದಲ ಧೂಳಿನ ಫೋಟೊಕ್ಕೇ ಅಲ್ಲಿಗೆ ಹೋಗಬೇಡಿ. ಮನೆಯಿಂದ ಎರಡು ಮೂರು ಗಂಟೆ ದೂರದ ಪರಿಚಯದ ಹಳ್ಳಿ, ದಕ್ಷಿಣ ದಿಕ್ಕಿಗೆ ದೊಡ್ಡ ಊರಿಲ್ಲದ ಜಾಗ, ರಾತ್ರಿಯಿಡೀ ನಿಶ್ಚಿಂತೆಯಾಗಿ ಕೂರಬಹುದಾದ ತೋಟದ ಮನೆ. ಇದು ಸಿಕ್ಕರೆ ಅದೇ ದೊಡ್ಡದು.

ನಮ್ಮ ಅಕ್ಷಾಂಶಕ್ಕೆ ಯಾವ ಮೋಡ?

ಈ ವಿಷಯದಲ್ಲಿ ಕರ್ನಾಟಕದಲ್ಲಿರುವವರು ಯೂರೋಪ್, ಅಮೆರಿಕದವರ ಮೋಡಗಳ ಪಟ್ಟಿಯನ್ನು ಹಾಗೇ ಹಿಡಿದುಕೊಂಡು ಕೂರಬಾರದು. ಅವರಿಗೆ ಸುಲಭವಾದದ್ದು ನಮಗೆ ಕಷ್ಟ, ಅವರಿಗೆ ಸಿಗದೇ ಇರುವುದು ನಮ್ಮ ತಲೆಯ ಮೇಲಿದೆ.

ಮೊದಲು ರೋ ಓಫಿಯೂಕಿ. ವೃಶ್ಚಿಕದ ಜ್ಯೇಷ್ಠಾ ಪಕ್ಕದಲ್ಲಿ, ಸುಮಾರು 400 ಜ್ಯೋತಿರ್ವರ್ಷ ದೂರದಲ್ಲಿ, ನಕ್ಷತ್ರಗಳು ಹುಟ್ಟುತ್ತಿರುವ ಮೋಡ ಇದು. ಜೇಮ್ಸ್ ವೆಬ್ ದೂರದರ್ಶಕದ ಮೊದಲ ವರ್ಷದ ನೆನಪಿಗೆ 2023ರ ಜುಲೈನಲ್ಲಿ ಬಿಡುಗಡೆ ಮಾಡಿದ್ದೂ ಈ ಮೋಡದ ಒಂದು ಮೂಲೆಯನ್ನೇ. ಬಣ್ಣಗಳ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಕೆಂಪು ಮಹಾದೈತ್ಯ ಜ್ಯೇಷ್ಠಾ ಸುತ್ತಲಿನ ಧೂಳು ಹಳದಿ. ರೋ ಓಫಿಯೂಕಿ ನಕ್ಷತ್ರದ ಸುತ್ತ ನೀಲಿ. ಸಿಗ್ಮಾ ಸ್ಕಾರ್ಪಿಯ ಸುತ್ತ ಹೈಡ್ರೋಜನ್ನಿನ ಕೆಂಪು. ಪೂರ್ವಕ್ಕೆ ಹರಿದುಹೋದ ಕಪ್ಪು ಕಾಲುವೆ ಬಾರ್ನಾರ್ಡ್ 44. ಪಕ್ಕದಲ್ಲೇ ಕಾಣುವ ಎಂ4 ನಕ್ಷತ್ರಗುಚ್ಛ ಮಾತ್ರ ಇದಕ್ಕೆ ಸಂಬಂಧವೇ ಇಲ್ಲದ್ದು, ಸುಮಾರು 6,000 ಜ್ಯೋತಿರ್ವರ್ಷ ಹಿಂದಿದೆ.

ಅಮೆರಿಕದ ಖಗೋಳ ವಿಜ್ಞಾನಿ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಕಪ್ಪು ಮೋಡಗಳನ್ನು ಹುಡುಕಿ ಪಟ್ಟಿ ಮಾಡಿದವರು. ಅವರ ಮೊದಲ ಪಟ್ಟಿ 1919ರಲ್ಲಿ ಬಂತು, ಅದರಲ್ಲಿ 182 ಮೋಡಗಳಿದ್ದವು. ಅವರು ಕೆಲಸ ಮಾಡುತ್ತಿದ್ದ ಯರ್ಕ್ಸ್ ವೀಕ್ಷಣಾಲಯ ಬಹಳ ಉತ್ತರದಲ್ಲಿತ್ತು. ಅಲ್ಲಿಂದ ವೃಶ್ಚಿಕ ಕೆಳಗೇ ಉಳಿಯುತ್ತಿತ್ತು. ಹಾಗಾಗಿ 1905ರಲ್ಲಿ ತಮ್ಮ ಫೋಟೊ ದೂರದರ್ಶಕವನ್ನು ಬಿಚ್ಚಿಸಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ಗೆ ಸಾಗಿಸಿದರು. ಅಲ್ಲಿಂದಲೂ ಈ ಮೋಡ ದಿಗಂತದಿಂದ ಸುಮಾರು 32 ಡಿಗ್ರಿ ಮಾತ್ರ ಏರುತ್ತದೆ. ಬೆಂಗಳೂರಿನ ಅಕ್ಷಾಂಶದಿಂದ 53 ಡಿಗ್ರಿ ಏರುತ್ತದೆ! ಇಷ್ಟು ಒಳ್ಳೆಯ ಜಾಗದಲ್ಲಿ ಹುಟ್ಟಿ ನಾವು ಎಂ81ರ ಹಿಂದೆ ಹೋಗುವುದು ಯಾಕೆ ಅಲ್ವಾ?

ಶಿವರಾತ್ರಿ ಬರುವುದೇ ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ. ಜಾಗರಣೆಯ ರಾತ್ರಿಯ ಕೊನೆಯ ಜಾವದಲ್ಲಿ ವೃಶ್ಚಿಕ ಚೆನ್ನಾಗಿ ಮೇಲೆ ಬಂದಿರುತ್ತದೆ. ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ರಾತ್ರಿ ಒಂದೂವರೆಯಿಂದ ಬೆಳಗಿನ ಐದರವರೆಗೆ ಕೆಲಸ ಮಾಡಬಹುದು. ಮೇ ತಿಂಗಳಲ್ಲಿ ಇನ್ನೂ ಜಾಸ್ತಿ ಹೊತ್ತು ಸಿಗುತ್ತದೆ, ಆದರೆ ಮುಂಗಾರು ಪೂರ್ವ ಮಳೆಯ ಮೋಡ ಅಡ್ಡ ಬರುತ್ತದೆ. ಯುಗಾದಿಯ ಸುತ್ತಲಿನ ಎರಡು ರಾತ್ರಿಯೇ ನನ್ನ ಆಯ್ಕೆ.

ದಕ್ಷಿಣ ಕಿರೀಟ (ಕರೋನಾ ಆಸ್ಟ್ರೇಲಿಸ್) ನಕ್ಷತ್ರಪುಂಜದ ಮೋಡ ಇನ್ನೊಂದು ರತ್ನ. ಬೆಂಗಳೂರಿನಿಂದ 40 ಡಿಗ್ರಿ ಏರುತ್ತದೆ. ಲಂಡನ್ನಿನಿಂದ ನೋಡಲು ಹೊರಟರೆ ದಿಗಂತದ ಮೇಲೆ ಬರುವುದೇ ಕಷ್ಟ. ನೀಲಿ ನೀಹಾರಿಕೆಗಳ ಒಂದು ಗೊಂಚಲು, ಅದರಿಂದ ಹೊರಟ ದಟ್ಟ ಕಂದು ಬಾಲ. ರೋ ಓಫಿಯೂಕಿಗಿಂತ ಚಿಕ್ಕದು, 250ರಿಂದ 400 ಮಿಲಿಮೀಟರ್ ಲೆನ್ಸ್ ಬೇಕು. ಏಪ್ರಿಲ್, ಮೇ ತಿಂಗಳ ಬೆಳಗಿನ ಜಾವ ಇದರ ಕಾಲ.

ಕೃತ್ತಿಕೆ ಮತ್ತು ವೃಷಭದ ಮೋಡಗಳು ದೀಪಾವಳಿಯಿಂದ ಸಂಕ್ರಾಂತಿವರೆಗೆ. ಕೃತ್ತಿಕೆ ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತದೆ, 79 ಡಿಗ್ರಿ. ಅದರ ಸುತ್ತಲಿನ ಧೂಳು ಆ ನಕ್ಷತ್ರಗಳು ಹುಟ್ಟಿದಾಗ ಉಳಿದದ್ದಲ್ಲ. ಗುಚ್ಛ ಸುಮ್ನೆ ಆ ಮೋಡದ ಮೂಲಕ ಹಾದು ಹೋಗುತ್ತಿದೆ, ದಾರಿಯಲ್ಲಿ ಬೆಳಗುತ್ತಿದೆ. 50 ಮಿಲಿಮೀಟರ್ ಲೆನ್ಸ್ ಮಾತ್ರ ಇರುವವರು ಕೃತ್ತಿಕೆಯಿಂದ ರೋಹಿಣಿವರೆಗಿನ ಇಡೀ ವೃಷಭವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ನಡುವಿನ ಕಪ್ಪು ಎಳೆಗಳು ಬಹಳ ಚೆಂದ. ದೀಪಾವಳಿ ಅಮಾವಾಸ್ಯೆಯ ಕತ್ತಲೆ ಒಳ್ಳೆಯದೇ, ಆದರೆ ಪಟಾಕಿ ಹೊಗೆ ತಲುಪದಷ್ಟು ದೂರ ಹೋಗಬೇಕು. ದಕ್ಷಿಣ ಒಳನಾಡಿನಲ್ಲಿ ಹಿಂಗಾರಿನ ಮೋಡವೂ ಕಾಡುತ್ತದೆ. ಡಿಸೆಂಬರ್ ಅಮಾವಾಸ್ಯೆ ಹೆಚ್ಚು ನಂಬಿಕೆಗೆ ಅರ್ಹ, ಇಬ್ಬನಿಗೆ ಲೆನ್ಸ್ ಹೀಟರ್ ಪಟ್ಟಿ ಮರೆಯಬೇಡಿ.

ಓರಾಯನ್‌ನ ಎಂ78, ರೈಜಲ್ ನಕ್ಷತ್ರ ಬೆಳಗುವ ನೀಲಿ ಮಾಟಗಾತಿ ತಲೆ ಐಸಿ2118, ಎರಡೂ ನಮಗೆ 70 ಡಿಗ್ರಿ ಮತ್ತು ಅದಕ್ಕಿಂತ ಎತ್ತರದಲ್ಲಿ ಸಿಗುತ್ತವೆ. ಎಂ78 ಸುಲಭ. ಮಾಟಗಾತಿ ತಲೆ ತೀರಾ ಮಸುಕು, ರೈಜಲ್ ಹೊಳಪು ಲೆನ್ಸಿನೊಳಗೆ ಚದುರಿ ತೊಂದರೆ ಕೊಡುತ್ತದೆ.

ಇನ್ನು ಎಲ್ಲರೂ ಮಾತಾಡುವ ಆ ಬೂದು ಎಳೆಗಳು, ಇಂಟಿಗ್ರೇಟೆಡ್ ಫ್ಲಕ್ಸ್ ನೆಬ್ಯುಲಾ. ಯಾವುದೇ ಒಂದು ನಕ್ಷತ್ರ ಇವನ್ನು ಬೆಳಗುವುದಿಲ್ಲ. ಇಡೀ ಆಕಾಶಗಂಗೆಯ ಒಟ್ಟು ಬೆಳಕು ಬಿದ್ದು ಕಾಣುವ ಧೂಳು ಇದು. ಖಗೋಳ ವಿಜ್ಞಾನಿ ಆಲನ್ ಸ್ಯಾಂಡೇಜ್ 1976ರಲ್ಲೇ ಇದರ ಬಗ್ಗೆ ಬರೆದಿದ್ದರು. ಹವ್ಯಾಸಿಗಳಲ್ಲಿ ಹೆಸರಾದದ್ದು ಎಂ81, ಎಂ82ರ ಸುತ್ತಲಿನದು ಮತ್ತು ಧ್ರುವ ನಕ್ಷತ್ರದ ಸುತ್ತಲಿನದು. ಬೆಂಗಳೂರಿನಿಂದ ಎಂ81 ಅತಿ ಎತ್ತರಕ್ಕೆ ಬಂದಾಗಲೂ 34 ಡಿಗ್ರಿ. ಧ್ರುವ ನಕ್ಷತ್ರ 13 ಡಿಗ್ರಿ. ಹಾನ್ಲೆಯಿಂದ ಎಂ81 54 ಡಿಗ್ರಿ ಏರುತ್ತದೆ. ಆದ್ದರಿಂದ ಇದನ್ನು ಹಾನ್ಲೆ ಪ್ರವಾಸಕ್ಕೆ ಎತ್ತಿಡಿ. ಸೀಫಿಯಸ್ ನಕ್ಷತ್ರಪುಂಜದ ಐರಿಸ್ ನೀಹಾರಿಕೆಗೂ ಇದೇ ಮಾತು. ರೋ ಓಫಿಯೂಕಿಗೆ ಮಾತ್ರ ಹಾನ್ಲೆ ನಮ್ಮೂರಿಗಿಂತ ಕೆಳಗೆ, ಅಲ್ಲಿ ಅದು 33 ಡಿಗ್ರಿ ದಾಟುವುದಿಲ್ಲ.

ಲೆನ್ಸ್, ಟೆಲಿಸ್ಕೋಪ್, ಕ್ಯಾಮೆರಾ

ಎಪಿಎಸ್-ಸಿ ಅಳತೆಯ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರ್ ಇಟ್ಟುಕೊಂಡು ಲೆಕ್ಕ ಹಾಕೋಣ, ಹೆಚ್ಚಿನವರ ಬಳಿ ಅದೇ ಇರುತ್ತದೆ. 135 ಮಿಲಿಮೀಟರ್ ಲೆನ್ಸಿನಲ್ಲಿ ಸುಮಾರು 10 ಡಿಗ್ರಿ ಅಗಲ, 6.6 ಡಿಗ್ರಿ ಎತ್ತರ. ಇಡೀ ರೋ ಓಫಿಯೂಕಿ ಆರಾಮಾಗಿ ಕೂರುತ್ತದೆ. 250 ಮಿಲಿಮೀಟರ್ ಟೆಲಿಸ್ಕೋಪಿನಲ್ಲಿ 5.4 ಡಿಗ್ರಿ ಅಗಲ, 3.6 ಡಿಗ್ರಿ ಎತ್ತರ. ಕೃತ್ತಿಕೆಗೆ, ದಕ್ಷಿಣ ಕಿರೀಟಕ್ಕೆ ಅಳೆದು ಮಾಡಿದ ಹಾಗಿದೆ. 400 ಮಿಲಿಮೀಟರ್ ದಾಟಿದರೆ ಧೂಳಿನ ಒಂದು ತುಂಡು ಮಾತ್ರ ಸಿಗುತ್ತದೆ. ಅದರಲ್ಲಿ ಇನ್ನೊಂದು ಕಷ್ಟವಿದೆ. ಚೌಕಟ್ಟು ತುಂಬ ಬರೀ ಧೂಳೇ ಇದ್ದರೆ, ಖಾಲಿ ಆಕಾಶ ಯಾವುದು ಅಂತ ತೋರಿಸಲು ಜಾಗವೇ ಇರುವುದಿಲ್ಲ. ಪ್ರೊಸೆಸಿಂಗ್‌ನಲ್ಲಿ ಇದರ ತೊಂದರೆ ಗೊತ್ತಾಗುತ್ತದೆ.

ಸಮ್‌ಯಾಂಗ್ 135 ಎಂಎಂ ಎಫ್/2 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ) ಧೂಳು ಹಿಡಿಯುವವರ ಅಚ್ಚುಮೆಚ್ಚಿನದು. ಆಟೋಫೋಕಸ್ ಇಲ್ಲದ್ದು, ಅದು ನಮಗೆ ಬೇಕೂ ಇಲ್ಲ. ಎಫ್/2.8ಕ್ಕೆ ಇಳಿಸಿಕೊಂಡರೂ ಎಫ್/4.9ರ ರೆಡ್‌ಕ್ಯಾಟ್ 51 ಎಂಬ 250 ಎಂಎಂ ಟೆಲಿಸ್ಕೋಪಿಗಿಂತ ಪ್ರತಿ ಪಿಕ್ಸೆಲ್‌ಗೆ ಮೂರು ಪಟ್ಟು ಬೆಳಕು ಕೊಡುತ್ತದೆ. ನಕ್ಷತ್ರಗಳ ಚೂಪು ಮೂಲೆಯವರೆಗೂ ಬೇಕು, ಫೋಕಸ್ ರಾತ್ರಿಯಿಡೀ ನಿಲ್ಲಬೇಕು ಅನ್ನುವವರಿಗೆ ರೆಡ್‌ಕ್ಯಾಟ್‌ನಂಥ ಪುಟ್ಟ ಟೆಲಿಸ್ಕೋಪ್ ಒಳ್ಳೆಯದು. ಒಂದೇ ಕೊಳ್ಳಲು ಸಾಧ್ಯ, ಗುರಿ ಧೂಳು ಅಂದರೆ ನಾನು 135 ಎನ್ನುತ್ತೇನೆ. ಬೆಳಕೂ ಜಾಸ್ತಿ, ಮೌಂಟ್ (ಆಕಾಶದ ಜೊತೆ ತಿರುಗುವ ಪೀಠ) ಮೇಲಿನ ಭಾರವೂ ಕಡಿಮೆ. ಸ್ಟಾರ್ ಅಡ್ವೆಂಚರರ್‌ನಂಥ ಚಿಕ್ಕ ಟ್ರ್ಯಾಕರ್ ಸಾಕು.

ಕ್ಯಾಮೆರಾದಲ್ಲಿ ಮೂರು ದಾರಿ. ಮನೆಯಲ್ಲಿರುವ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್, ಹೈಡ್ರೋಜನ್ ಕೆಂಪಿಗೆ ಮಾರ್ಪಡಿಸಿದ ಅದೇ ಕ್ಯಾಮೆರಾ, ಮತ್ತು ಸೆನ್ಸರನ್ನು ತಣ್ಣಗೆ ಇಡುವ ಆಸ್ಟ್ರೊ ಕ್ಯಾಮೆರಾ. ಪ್ರತಿಫಲಿಸುವ ಧೂಳಿಗೆ ಮಾರ್ಪಾಡು ಅಗತ್ಯವೇ ಇಲ್ಲ. ನೀಲಿ, ಹಳದಿ, ಕಂದು ಎಲ್ಲವೂ ಸಾಮಾನ್ಯ ಕ್ಯಾಮೆರಾಗೇ ಸಿಗುತ್ತದೆ. ಸಿಗ್ಮಾ ಸ್ಕಾರ್ಪಿಯ ಕೆಂಪು ಮಾತ್ರ ಸೊರಗುತ್ತದೆ. ತಣ್ಣನೆಯ ಕ್ಯಾಮೆರಾದ ಲಾಭ ಇರುವುದು ನಮ್ಮ ಬೇಸಿಗೆಯಲ್ಲಿ. ಏಪ್ರಿಲ್ ರಾತ್ರಿಯ ಸೆಕೆಯಲ್ಲಿ ಡಿಎಸ್‌ಎಲ್‌ಆರ್ ಸೆನ್ಸರ್ ಕಾದು ಕೂರುತ್ತದೆ, ಡಾರ್ಕ್ ಫ್ರೇಮ್ (ಮುಚ್ಚಳ ಹಾಕಿ ತೆಗೆಯುವ ಫ್ರೇಮ್) ಹೊಂದಿಸುವುದೂ ಕಷ್ಟ. ಎಎಸ್ಐ2600ನಂಥ ಕ್ಯಾಮೆರಾದಲ್ಲಿ ತಾಪಮಾನ ನೀವು ಇಟ್ಟಲ್ಲೇ ನಿಲ್ಲುತ್ತದೆ. ಇದೇ ಸೆನ್ಸರ್ ಬಣ್ಣದ್ದೂ ಬರುತ್ತದೆ, ಮಾನೊ (ಕಪ್ಪು ಬಿಳುಪು, ಬಣ್ಣಕ್ಕೊಂದು ಫಿಲ್ಟರ್) ಕೂಡ ಬರುತ್ತದೆ. ಊರು ಬಿಟ್ಟು ಹೋಗಿ ಒಂದೆರಡು ರಾತ್ರಿ ತೆಗೆಯುವವರಿಗೆ ಬಣ್ಣದ್ದೇ ಸರಿ. ಮಾನೊದಲ್ಲಿ ಕೆಂಪು, ಹಸಿರು ಮುಗಿಸಿ ನೀಲಿಗೆ ಬರುವಷ್ಟರಲ್ಲಿ ಮೋಡ ಕವಿದರೆ ಬಣ್ಣವೇ ಇಲ್ಲ. ಜಮೀನಿನಲ್ಲಿ ಶಾಶ್ವತವಾಗಿ ಪೀಠ ಕಟ್ಟಿಸಿಕೊಂಡವರು ಮಾನೊಗೆ ಹೋಗಲಿ.

ಮೌಂಟ್ ಬಗ್ಗೆ ಒಂದೇ ಮಾತು. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಹೊಂದಿಸಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ಸುಮಾರು 12ರಿಂದ 18 ಡಿಗ್ರಿ ಎತ್ತರದಲ್ಲಿ, ಮರ ಗುಡ್ಡಗಳ ಹಿಂದೆ, ಮಬ್ಬಿನೊಳಗೆ ಇರುತ್ತದೆ. ಕೊಳ್ಳುವ ಮುಂಚೆ ಮೌಂಟ್ ಅಷ್ಟು ಕೆಳಕ್ಕೆ ಬಾಗುತ್ತದಾ ನೋಡಿ. ಎನ್.ಐ.ಎನ್.ಎ. ತಂತ್ರಾಂಶದ ಮೂರು ಬಿಂದುಗಳ ಧ್ರುವ ಹೊಂದಾಣಿಕೆ ಧ್ರುವ ನಕ್ಷತ್ರ ಕಾಣದಿದ್ದರೂ ಕೆಲಸ ಮಾಡುತ್ತದೆ.

135 ಎಂಎಂ, ಎಫ್/2.8, 60ರಿಂದ 90 ಸೆಕೆಂಡಿನ ಫ್ರೇಮ್‌ಗಳು. ರೋ ಓಫಿಯೂಕಿಗೆ ಹಳ್ಳಿಯಲ್ಲಿ ಒಟ್ಟು ಐದಾರು ಗಂಟೆ, ಬೂದು ಎಳೆಗಳಿಗೆ ಹತ್ತಕ್ಕೂ ಮೇಲೆ. ಪ್ರತಿ ಕೆಲವು ಫ್ರೇಮಿಗೆ ಒಮ್ಮೆ ಡಿದರ್ ಮಾಡಿ (ಚೌಕಟ್ಟನ್ನು ಒಂಚೂರು ಸರಿಸಿ). ಫ್ಲಾಟ್ ಫ್ರೇಮ್ (ಸಮನಾದ ಬೆಳಕಿನ ಮುಂದೆ ತೆಗೆಯುವ ಫ್ರೇಮ್) ಬಿಡಲೇಬೇಡಿ. ಸೆನ್ಸರಿನ ಮೇಲೆ ಕೂತ ಕಣ ಮತ್ತು ಲೆನ್ಸಿನ ಮೂಲೆಯ ಕಪ್ಪು, ಎರಡೂ ಜೋರಾಗಿ ಸ್ಟ್ರೆಚ್ ಮಾಡಿದಾಗ (ಮಸುಕಾದದ್ದನ್ನು ಹೊಳಪಾಗಿಸಿದಾಗ) ಥೇಟ್ ಧೂಳಿನ ಮೋಡದ ಹಾಗೇ ಕಾಣುತ್ತವೆ.

ಮತ್ತೆ ಪ್ರೊಸೆಸ್ ಮಾಡುವುದಾ, ಹೊಸದಾಗಿ ತೆಗೆಯುವುದಾ?

ಹಳೆಯ ಫೈಲುಗಳಲ್ಲಿ ಧೂಳು ಅಡಗಿದೆಯಾ ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಎಲ್ಲ ಫ್ರೇಮ್‌ಗಳನ್ನು ಎರಡು ಗುಂಪು ಮಾಡಿ, ಸಮಸಂಖ್ಯೆಯವು ಒಂದು ಕಡೆ, ಬೆಸಸಂಖ್ಯೆಯವು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಸ್ಟ್ಯಾಕ್ ಮಾಡಿ (ಫ್ರೇಮ್‌ಗಳನ್ನು ಒಂದೇ ಚಿತ್ರವಾಗಿ ಕೂಡಿಸಿ). ಒಂದೇ ರೀತಿ ಸ್ಟ್ರೆಚ್ ಮಾಡಿ. ಕಾಲು ಭಾಗಕ್ಕೆ ಚಿಕ್ಕದು ಮಾಡಿ, ಒಂದರ ಮೇಲೊಂದು ಇಟ್ಟು ಬದಲಾಯಿಸುತ್ತಾ ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಆಕಾರ ಉಳಿದರೆ ನಿಮ್ಮ ಡೇಟಾದಲ್ಲಿ ಏನೋ ಇದೆ, ಮತ್ತೆ ಪ್ರೊಸೆಸ್ ಮಾಡುವುದು ಸಾರ್ಥಕ. ಆಕಾರ ಬದಲಾಗುತ್ತಿದ್ದರೆ ಅದು ನಾಯ್ಸ್. ಯಾವ ಸಾಫ್ಟ್‌ವೇರೂ ಅದರಿಂದ ಧೂಳು ತೆಗೆಯಲಾರದು.

ಈ ಪರೀಕ್ಷೆಗೂ ಮಿತಿಯಿದೆ. ಗ್ರೇಡಿಯೆಂಟ್ ಮತ್ತು ಫ್ಲಾಟ್ ದೋಷ ಎರಡೂ ಗುಂಪಿನಲ್ಲಿ ಒಂದೇ ಥರ ಬರುತ್ತವೆ. ಅದನ್ನು ಹಿಡಿಯಲು ಹೊರಗಿನ ಸಾಕ್ಷಿ ಬೇಕು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಅಲಾದಿನ್ ಲೈಟ್ ಎಂಬ ಆಕಾಶ ನಕ್ಷೆ ಬ್ರೌಸರಿನಲ್ಲೇ ತೆರೆಯುತ್ತದೆ, ದುಡ್ಡಿಲ್ಲ. ಅದರಲ್ಲಿ ನಿಮ್ಮ ಜಾಗವನ್ನು ಹುಡುಕಿ ಐರಾಸ್ ಅಥವಾ ಪ್ಲಾಂಕ್ ಉಪಗ್ರಹದ ನಕ್ಷೆ ಹಾಕಿ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಧೂಳಿನ ಶಾಖವನ್ನೇ ಅಳೆದದ್ದು. ಧೂಳು ಎಲ್ಲಿ ದಟ್ಟ, ಎಲ್ಲಿ ತೆಳು ಅನ್ನುವುದು ಅದರಲ್ಲಿ ಕಾಣುತ್ತದೆ. ನಿಮ್ಮ ಫೋಟೊದ ಬಲಮೂಲೆಯ ಕಂದು ಹೊಳಪು ಅಲ್ಲಿ ಇಲ್ಲವಾ? ಹಾಗಾದರೆ ಅದು ಆ ದಿಕ್ಕಿನ ಊರಿನ ದೀಪ.

ಈಗ ಸಾಫ್ಟ್‌ವೇರ್. ಉಚಿತ ದಾರಿ ಸಿರಿಲ್ (ಸ್ಟ್ಯಾಕ್ ಮತ್ತು ಪ್ರೊಸೆಸಿಂಗ್‌ಗೆ), ಗ್ರಾಕ್ಸ್‌ಪರ್ಟ್ (ಗ್ರೇಡಿಯೆಂಟ್‌ಗೆ), ಸ್ಟಾರ್‌ನೆಟ್ (ನಕ್ಷತ್ರ ತೆಗೆಯಲು). ದುಡ್ಡಿನ ದಾರಿ ಪಿಕ್ಸ್‌ಇನ್‌ಸೈಟ್, ಅದರ ಜೊತೆ ಆರ್‌ಸಿ-ಆಸ್ಟ್ರೊದವರ ಸ್ಟಾರ್‌ಎಕ್ಸ್‌ಟರ್ಮಿನೇಟರ್, ನಾಯ್ಸ್‌ಎಕ್ಸ್‌ಟರ್ಮಿನೇಟರ್. ಐದು ವರ್ಷದ ಹಿಂದೆ ಇವೆರಡರ ನಡುವೆ ದೊಡ್ಡ ಅಂತರವಿತ್ತು. ಈಗ ಧೂಳಿನ ಮಟ್ಟಿಗೆ ಅಂತರ ಚಿಕ್ಕದು. ನಕ್ಷತ್ರಗಳ ಬಣ್ಣವನ್ನು ಗಾಯಾ ಉಪಗ್ರಹದ ಮಾಹಿತಿಯಿಂದ ಹೊಂದಿಸುವ ಸೌಲಭ್ಯ ಎರಡರಲ್ಲೂ ಇದೆ. ಧೂಳಿಗೆ ಬೇಕಾದ ಜಿಎಚ್‌ಎಸ್ (ಜನರಲೈಸ್ಡ್ ಹೈಪರ್ಬಾಲಿಕ್ ಸ್ಟ್ರೆಚ್) ಎರಡರಲ್ಲೂ ಇದೆ. ನಕ್ಷತ್ರ ತೆಗೆಯುವುದರಲ್ಲಿ ಸ್ಟಾರ್‌ಎಕ್ಸ್‌ಟರ್ಮಿನೇಟರ್ ಒಂದು ಕೈ ಮೇಲು, ಅದರಲ್ಲೂ ವೃಶ್ಚಿಕದಂಥ ನಕ್ಷತ್ರ ಕಿಕ್ಕಿರಿದ ಜಾಗದಲ್ಲಿ. ಪಿಕ್ಸ್‌ಇನ್‌ಸೈಟ್‌ನಲ್ಲಿ ಇನ್ನೊಂದು ನಿಜವಾದ ಲಾಭ ಇದೆ. ಅದರ ಮಲ್ಟಿಸ್ಕೇಲ್ ಗ್ರೇಡಿಯೆಂಟ್ ಕರೆಕ್ಷನ್ ನಿಮ್ಮ ಫೋಟೊವನ್ನು ಮಾರ್ಸ್ ಅನ್ನುವ ಆಕಾಶ ಸಮೀಕ್ಷೆಯ ಜೊತೆ ಹೋಲಿಸಿ ಗ್ರೇಡಿಯೆಂಟನ್ನು ಮಾತ್ರ ತೆಗೆಯುತ್ತದೆ. ನಿಮ್ಮ ಮೋಡ ಇರುವ ಭಾಗ ಆ ಸಮೀಕ್ಷೆಯಲ್ಲಿ ಸೇರಿದೆಯಾ ಅಂತ ಮೊದಲು ನೋಡಿಕೊಳ್ಳಿ. 45 ದಿನ ಪ್ರಯೋಗಕ್ಕೆ ಉಚಿತ ಸಿಗುತ್ತದೆ. ಸಿರಿಲ್ ಚೆನ್ನಾಗಿ ಕಲಿತ ಮೇಲೆ ಆ 45 ದಿನ ಬಳಸಿ, ಆಮೇಲೆ ದುಡ್ಡಿನ ಯೋಚನೆ ಮಾಡಿ.

ಗ್ರೇಡಿಯೆಂಟ್ ಹೆಜ್ಜೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋ ಓಫಿಯೂಕಿಯ 135 ಎಂಎಂ ಸ್ಟ್ಯಾಕ್ ತೆರೆದಿದ್ದೀರಿ ಅಂದುಕೊಳ್ಳಿ. ಸಿರಿಲ್‌ನ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್‌ನಲ್ಲಿ ಖಾಲಿ ಆಕಾಶ ಅಂತ ಗುರುತಿಸುವ ಬಿಂದುಗಳನ್ನು ತಾನೇ ಹಾಕಲು ಬಿಟ್ಟರೆ ಅದು ಚೌಕಟ್ಟಿನ ತುಂಬ ಹಾಕಿಬಿಡುತ್ತದೆ. ಅದರಲ್ಲಿ ಅರ್ಧ ಧೂಳಿನ ಮೇಲೇ ಬೀಳುತ್ತವೆ. ನಾಲ್ಕನೇ ಡಿಗ್ರಿಯ ಪಾಲಿನೋಮಿಯಲ್ (ಬಹಳ ಬಾಗುವ ಮೇಲ್ಮೈ) ಕೊಟ್ಟರೆ ಆ ಧೂಳನ್ನೂ ಗ್ರೇಡಿಯೆಂಟ್ ಅಂದುಕೊಂಡು ಕಳೆದುಬಿಡುತ್ತದೆ. ಉಳಿಯುವುದು ಜ್ಯೇಷ್ಠಾ ಸುತ್ತ ಹಳದಿ ಉಂಡೆ, ಅದರ ಸುತ್ತ ಅಸಹಜವಾದ ಕಪ್ಪು ಬಳೆ. ಇಂಥ ಕಪ್ಪು ಬಳೆ ಕಂಡರೆ ಧೂಳು ತಿಂದುಹೋಗಿದೆ ಅಂತಲೇ ಅರ್ಥ.

ಇದರ ಬದಲು ಸ್ಟ್ಯಾಕ್ ಮಾಡುವ ಮುಂಚೆಯೇ ಪ್ರತಿ ಫ್ರೇಮಿನಿಂದ ಒಂದನೇ ಡಿಗ್ರಿಯ ಗ್ರೇಡಿಯೆಂಟ್ ತೆಗೆಸಿ. ಒಂದು ಫ್ರೇಮಿನಲ್ಲಿ ಊರಿನ ಬೆಳಕು ಬರೀ ಒಂದು ಕಡೆಗೆ ಇಳಿಜಾರು. ರಾತ್ರಿಯಿಡೀ ಅದು ತಿರುಗುತ್ತಾ ಹೋಗಿ ಸ್ಟ್ಯಾಕ್‌ನಲ್ಲಿ ಸೇರಿದಾಗಲೇ ಗೋಜಲಾಗುವುದು. ಸ್ಟ್ಯಾಕ್ ಆದ ಮೇಲೆ ಇನ್ನೂ ಉಳಿದಿದ್ದರೆ ಬಿಂದುಗಳನ್ನು ಕೈಯಿಂದಲೇ ಹಾಕಿ, ಕೆಲವೇ ಕೆಲವು. ಎಲ್ಲಿ ಹಾಕಬೇಕು ಅನ್ನುವುದಕ್ಕೆ ಆ ಐರಾಸ್ ನಕ್ಷೆಯನ್ನು ಪಕ್ಕದಲ್ಲಿ ತೆರೆದಿಡಿ. ಕಣ್ಣಿಗೆ ಕಪ್ಪಗೆ ಕಂಡಲ್ಲೆಲ್ಲ ಬಿಂದು ಹಾಕಬೇಡಿ. ಈ ಚೌಕಟ್ಟಿನಲ್ಲಿ ಅತಿ ಕಪ್ಪಾದ ಜಾಗ ಬಾರ್ನಾರ್ಡ್ 44, ಅದು ಖಾಲಿ ಆಕಾಶ ಅಲ್ಲ, ದಟ್ಟ ಧೂಳು. ಅದನ್ನು ತಟಸ್ಥ ಬಣ್ಣ ಅಂತ ಹೇಳಿದರೆ ಅದರ ಕಂದು ಬೂದಾಗುತ್ತದೆ, ಉಳಿದ ಫೋಟೊ ನೀಲಿಗೆ ವಾಲುತ್ತದೆ. ಗ್ರಾಕ್ಸ್‌ಪರ್ಟ್ ಬಳಸುವವರು ಸ್ಮೂತಿಂಗ್ ಅನ್ನು ಗರಿಷ್ಠಕ್ಕೆ ಇಡಿ, ಅದು ತೆಗೆದ ಬ್ಯಾಕ್‌ಗ್ರೌಂಡ್ ಚಿತ್ರವನ್ನೂ ತೆರೆದು ನೋಡಿ. ಅದರಲ್ಲಿ ನಿಮ್ಮ ಮೋಡದ ಆಕಾರ ಕಂಡರೆ ತಪ್ಪಾಗಿದೆ, ಮತ್ತೆ ಮಾಡಿ.

ಆಮೇಲೆ ಬಣ್ಣ ಹೊಂದಿಸಿ, ನಕ್ಷತ್ರಗಳನ್ನು ಬೇರೆ ಮಾಡಿ, ಧೂಳನ್ನು ಮಾತ್ರ ಸ್ಟ್ರೆಚ್ ಮಾಡಿ. ಧೂಳು ಹಿಸ್ಟೋಗ್ರಾಮಿನ (ಹೊಳಪಿನ ಹಂಚಿಕೆಯ ಗ್ರಾಫ್) ಶಿಖರದ ಬಲ ಮಗ್ಗುಲಿಗೆ ಅಂಟಿಕೊಂಡಿರುತ್ತದೆ. ಜಿಎಚ್‌ಎಸ್‌ನ ಸಿಮೆಟ್ರಿ ಪಾಯಿಂಟನ್ನು (ಸ್ಟ್ರೆಚ್ ಹೆಚ್ಚು ಬೀಳುವ ಜಾಗ) ಅಲ್ಲಿಟ್ಟು ಒಂದೇ ಸಲ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ. ಅದರ ಹೊಳಪು 255ರ ಮಾಪಕದಲ್ಲಿ 25, 30 ಇರಲಿ. ಅತಿ ಮಸುಕಾದ ಧೂಳು ಇರುವುದೇ ಅಲ್ಲಿ.

ಎಐ ನಾಯ್ಸ್ ತೆಗೆಯುವ ಸಾಧನಗಳ ಬಗ್ಗೆ ನಾನು ಬಿಗಿ. ಅವು ಒಳ್ಳೆಯವೇ. ಆದರೆ ಡೇಟಾ ಕಡಿಮೆ ಇದ್ದಾಗ ನಾಯ್ಸ್‌ನಿಂದಲೇ ನಯವಾದ ಎಳೆಗಳನ್ನು ಹೆಣೆದುಕೊಡುತ್ತವೆ. ನೋಡಲು ಚೆಂದ, ಆಕಾಶದಲ್ಲಿ ಮಾತ್ರ ಇಲ್ಲ. ಮೇಲೆ ಹೇಳಿದ ಎರಡು ಗುಂಪಿನ ಪರೀಕ್ಷೆಯನ್ನು ಇಲ್ಲೂ ಮಾಡಿ. ಎರಡರಲ್ಲೂ ಒಂದೇ ಎಳೆ ಬಂದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆ ಸಾಧನದ ಬಲವನ್ನು ಅರ್ಧಕ್ಕೆ ಇಳಿಸಿ. ಸ್ವಲ್ಪ ಒರಟು ಇರುವ ನಿಜವಾದ ಮೋಡವೇ ನನಗೆ ಇಷ್ಟ.

ಕ್ಯಾಮೆರಾನೇ ಇಲ್ಲದವರಿಗೆ

ಜೇಮ್ಸ್ ವೆಬ್ ಮತ್ತು ಹಬಲ್ ದೂರದರ್ಶಕಗಳ ಹೆಚ್ಚಿನ ಡೇಟಾ ಬಾಲ್ಟಿಮೋರ್‌ನ ಮ್ಯಾಸ್ಟ್ ಸಂಗ್ರಹದಲ್ಲಿ ಎಲ್ಲರಿಗೂ ಉಚಿತ. ರೋ ಓಫಿಯೂಕಿಯ ವೆಬ್ ಫೈಲುಗಳನ್ನು ಇಳಿಸಿಕೊಂಡು ನಿಮ್ಮದೇ ಬಣ್ಣ ಕೊಡಬಹುದು. ಸಿರಿಲ್ ಆ ಫಿಟ್ಸ್ (ಖಗೋಳ ಚಿತ್ರಗಳ ಮಾದರಿ) ಫೈಲುಗಳನ್ನು ತೆರೆಯುತ್ತದೆ. ಇನ್‌ಫ್ರಾರೆಡ್‌ನಲ್ಲಿ ಧೂಳು ಬೇರೆಯೇ ಥರ ಕಾಣುತ್ತದೆ, ನಮ್ಮ ಕ್ಯಾಮೆರಾಗೆ ಕಪ್ಪಾಗಿದ್ದದ್ದು ಅಲ್ಲಿ ಪಾರದರ್ಶಕ. ಚಿಲಿಯಂಥ ಕಡೆ ಇರುವ ಬಾಡಿಗೆ ದೂರದರ್ಶಕದ ಡೇಟಾ ಕೊಳ್ಳುವುದೂ ಒಂದು ದಾರಿ. ಪ್ರೊಸೆಸಿಂಗ್ ಕಲಿಯಲು ಎರಡೂ ಚೆನ್ನಾಗಿವೆ. ಮಗು ಓದುತ್ತಿದೆ, ರಾತ್ರಿ ಹೊರಗೆ ಹೋಗಲು ಆಗಲ್ಲ ಅನ್ನುವ ಮನೆಗಳಿಗೆ ಮ್ಯಾಸ್ಟ್ ಫೈಲುಗಳಿಂದ ಶುರು ಮಾಡಿ ಅಂತಲೇ ನಾನು ಹೇಳುವುದು.

ನಿಮ್ಮದೇ ಫೈಲುಗಳಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವಾಗ ಮತ್ತೆ ಪ್ರೊಸೆಸ್ ಮಾಡುವ ಕೆಲಸ ಹಚ್ಚಿಕೊಳ್ಳಿ. ಅದಕ್ಕೆ ಕಚ್ಚಾ ಫ್ರೇಮ್‌ಗಳು ಉಳಿದಿರಬೇಕು. ಬಹಳ ಜನ ಕೊನೆಯ ಜೆಪೆಗ್ ಇಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಡುತ್ತಾರೆ. 26 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫ್ರೇಮ್ ಸುಮಾರು 50 ಎಂಬಿ, 200 ಫ್ರೇಮ್ ಅಂದರೆ 10 ಜಿಬಿ, ಅಷ್ಟೇ. ಲೈಟ್ (ಆಕಾಶದ ಫ್ರೇಮ್), ಡಾರ್ಕ್, ಫ್ಲಾಟ್ ಮೂರನ್ನೂ ಒಂದೇ ಫೋಲ್ಡರಿನಲ್ಲಿಡಿ. ಸ್ಟ್ರೆಚ್ ಮಾಡದ 32 ಬಿಟ್ ಸ್ಟ್ಯಾಕ್ ಕೂಡ ಇರಲಿ. ದಿನಾಂಕ, ಜಾಗ, ಲೆನ್ಸ್, ಎಫ್ ಸಂಖ್ಯೆ ಬರೆದ ಒಂದು ಟೆಕ್ಸ್ಟ್ ಫೈಲ್ ಜೊತೆಗಿಡಿ. ಮುಂದಿನ ಯುಗಾದಿಗೆ ಅದೇ ಲೆನ್ಸಿನಿಂದ ಅದೇ ಚೌಕಟ್ಟು ಹಿಡಿದರೆ ಹೊಸ ಐದು ಗಂಟೆಯನ್ನು ಹಳೆಯ ಐದು ಗಂಟೆಗೆ ಹಾಗೇ ಸೇರಿಸಬಹುದು.